ವಿದ್ಯಾರ್ಥಿನಿಲಯಗಳ ತರಕಾರಿ ಕೋಲಾರದ ಹೊಲಗಳಿಂದಲೇ ಬರಲಿ

ಮಾನ್ಯ ಸಂಪಾದಕರೇ,

ಕೋಲಾರ ನಗರಕ್ಕೊಂದು ರೈತ ಸಂತೆ ಬೇಕೆಂಬ ಮಾತು ಆಗಾಗ ಕೇಳಿಬರುತ್ತಲೇ ಇರುತ್ತದೆ. ಆಂಧ್ರದ ರೈತು ಬಜಾರ್, ತಮಿಳುನಾಡಿನ ಉಳವರ್ ಸಂದೈ ಎರಡೂ 1999ರಲ್ಲೇ ಆರಂಭವಾದವು. ಗಡಿ ದಾಟಿ ಹೋಗಿಬರುವ ನಮ್ಮವರು ಅವುಗಳನ್ನು ನೋಡಿ ಆಸೆಪಡುವುದು ಸಹಜ. ಸಂತೆ ಬರಲಿ, ನನ್ನ ತಕರಾರಿಲ್ಲ. ಆದರೆ ಕಟ್ಟೆ ಕಟ್ಟಿಸಿ, ಟೇಪು ಕತ್ತರಿಸಿ, ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ಸಂತೆ ಉಳಿಯುವುದಿಲ್ಲ. ದಿನವೂ ತಪ್ಪದೆ ಕೊಳ್ಳುವ ಗಟ್ಟಿ ಗಿರಾಕಿ ಬೇಕು. ಅಂಥ ಗಿರಾಕಿಗಳು ಊರೊಳಗೇ ಇದ್ದಾರೆ. ಸರ್ಕಾರಿ ವಿದ್ಯಾರ್ಥಿನಿಲಯಗಳು, ವಸತಿ ಶಾಲೆಗಳು, ಬಿಸಿಯೂಟದ ಅಡುಗೆಮನೆಗಳು, ಇಂದಿರಾ ಕ್ಯಾಂಟೀನ್. ಅಲ್ಲಿಗೆಲ್ಲ ತರಕಾರಿ ಎಲ್ಲಿಂದ ಬರುತ್ತದೆಂದು ಕೇಳುವವರು ಮಾತ್ರ ಕಡಿಮೆ.

ನಾನು ಬಾಲಕಿಯರ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಬಂದ ತರಕಾರಿಯನ್ನು ತೂಗಿಸಿಕೊಂಡು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ನಮ್ಮ ಟೆಂಡರಿನಲ್ಲಿ ತರಕಾರಿಗೆಲ್ಲ ಸೇರಿ ವರ್ಷಕ್ಕೊಂದೇ ದರ, 'ಮಿಶ್ರ ತರಕಾರಿ, ಕಿಲೋಗೆ ಇಷ್ಟು' ಎಂದು. ಬೀನ್ಸ್ ದುಬಾರಿಯಾದ ವಾರ ಮಿಶ್ರ ಎಂದರೆ ಸೀಮೆಬದನೆ ಮತ್ತು ಮೂಲಂಗಿ. ಎಲೆಕೋಸು ಅಗ್ಗವಾದರೆ ಸಾಂಬಾರಿಗೂ ಅದೇ, ಪಲ್ಯಕ್ಕೂ ಅದೇ. ಚೀಲ ಸುರಿದಾಗ ಮೇಲಿನವು ಹಸಿರು, ತಳದವು ಹಳದಿ. ಹೊರಗಿನ ಎಲೆ ಕಿತ್ತುಹಾಕಿದ ಮೇಲೆ ನಾನು ಸಹಿ ಹಾಕಿದ ತೂಕ ಎಲ್ಲಿರುತ್ತಿತ್ತು? 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ನಿಲಯಕ್ಕೆ ಒಂದು ಹಣ್ಣೂ ಬರಲಿಲ್ಲ. ಹುಣಸೆಹಣ್ಣಿನಲ್ಲೇ ಸಾರು ನಡೆಯಿತು. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಇರುವ ಊರಿನ ಮಾತಿದು! ಬೆಲೆ ಬಿದ್ದು ರೈತರು ರಸ್ತೆ ಬದಿಗೆ ಸುರಿದು ಹೋಗುವ ದಿನಗಳಲ್ಲಿ ಟೊಮೆಟೊ ಧಾರಾಳವಾಗಿ ಬರುತ್ತಿತ್ತು, ಅದೇ ಟೆಂಡರ್ ದರಕ್ಕೆ.

ಹಾಗೆಂದು ಗುತ್ತಿಗೆದಾರನನ್ನು ಬೈದು ಪ್ರಯೋಜನವಿಲ್ಲ. ಬಿಲ್ಲು ಮಂಜೂರಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಕೈಯಿಂದ ಹಣ ಹಾಕಿಕೊಂಡು ಸರಬರಾಜು ಮಾಡುವ ತಾಕತ್ತು ಅವನಿಗಿತ್ತು. ವೇಮಗಲ್ ಕಡೆಯ ಎರಡೆಕರೆ ರೈತ ಹಾಗೆ ಕಾಯಬಲ್ಲನೇ? ತರಕಾರಿಯ ಹೆಸರಿನಲ್ಲಿ ನಾವು ಗುತ್ತಿಗೆದಾರನಿಂದ ಪಡೆಯುತ್ತಿದ್ದುದು ಸಾಲವನ್ನು. ಅದರ ಬಡ್ಡಿಯೂ ಆ ಒಂದು ದರದೊಳಗೇ ಸೇರಿರುತ್ತಿತ್ತು.

ಪಕ್ಕದ ಹಳ್ಳಿಯ ಹೆಂಗಸೊಬ್ಬರು ದಂಟು, ಸಬ್ಬಸಿಗೆ, ಕಾಲಕ್ಕೆ ತಕ್ಕಂತೆ ಅಣ್ಣೆ ಸೊಪ್ಪು ತಂದುಕೊಡುತ್ತಿದ್ದರು. ಬೆಳಗಿನ ಜಾವ ಕಿತ್ತದ್ದು, ಬೇರಿನ ಮಣ್ಣು ಇನ್ನೂ ಒಣಗಿರುತ್ತಿರಲಿಲ್ಲ. ಆ ಸೊಪ್ಪಿನ ಬಸ್ಸಾರು ಮಾಡಿಸಿದ ದಿನ ಮುದ್ದೆ ಸಾಲುತ್ತಿರಲಿಲ್ಲ. ಸೀಮೆಬದನೆಯ ದಿನ ಹುಡುಗಿಯರು ತಟ್ಟೆಯಲ್ಲಿ ಬಿಟ್ಟದ್ದರಿಂದಲೇ ಬಕೆಟ್ ತುಂಬುತ್ತಿತ್ತು. ಲೆಕ್ಕಪರಿಶೋಧನೆಗೆ ಬಂದವರು ಸೊಪ್ಪಿಗೆ ಜಿಎಸ್‌ಟಿ ಬಿಲ್ಲು ಎಲ್ಲಿ ಎಂದರು. ತಾಜಾ ಸೊಪ್ಪು ತರಕಾರಿಗೆ ಜಿಎಸ್‌ಟಿಯೇ ಇಲ್ಲವಲ್ಲ ಸಾರ್ ಎಂದೆ. ಆಕ್ಷೇಪಣೆ ಕಡತದಲ್ಲಿ ಉಳಿಯಿತು, ಸೊಪ್ಪು ನಿಂತುಹೋಯಿತು.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 4(ಜಿ) ವಿನಾಯಿತಿ ಕೊಟ್ಟು ಟೆಂಡರ್ ಇಲ್ಲದೆ ಕಾಮಗಾರಿ ವಹಿಸಿದ ಸುದ್ದಿಗಳನ್ನು ನಿಮ್ಮಂಥ ಪತ್ರಿಕೆಗಳಲ್ಲೇ ಓದುತ್ತಿರುತ್ತೇವೆ. ರೈತ ಉತ್ಪಾದಕರ ಕಂಪನಿಗಳಿಂದ, ಸ್ತ್ರೀಶಕ್ತಿ ಸಂಘಗಳಿಂದ ತರಕಾರಿ ಕೊಳ್ಳಲು ಅದೇ ವಿನಾಯಿತಿ ಏಕಾಗಬಾರದು? ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಬಳಸಬೇಕೆಂದು ಬ್ರೆಜಿಲ್ 2009ರಲ್ಲೇ ಕಾನೂನು ಮಾಡಿತು. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಹಳ್ಳಿಯ ಡೇರಿಗಳನ್ನೇ ನೋಡಿ. ಎರಡು ಲೀಟರ್ ಹಾಲು ಹಾಕುವವಳ ಹಾಲನ್ನೂ ಅಳೆದು, ಜಿಡ್ಡು ನೋಡಿ, ಪುಸ್ತಕದಲ್ಲಿ ಬರೆದು, ಗೊತ್ತಾದ ದಿನ ಬಟವಾಡೆ ಮಾಡುತ್ತಾರೆ. ಜೀವನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಎಷ್ಟೋ ಸಂಸಾರಗಳು ನಿಂತಿರುವುದು ಆ ಬಟವಾಡೆಯ ಮೇಲೆ. ಹಾಲಿಗೆ ಸಾಧ್ಯವಾದದ್ದು ಹುರುಳಿಕಾಯಿಗೆ, ಸೊಪ್ಪಿಗೆ ಆಗದೆಂದು ನನಗನ್ನಿಸುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹೊರಗಿನಿಂದಲೇ ಬರಲಿ. ಬೇಸಿಗೆಯಲ್ಲಿ ಕೊರತೆಯಾದರೆ ಮಂಡಿಯಿಂದ ತರಲಿ. ಎಲ್ಲವೂ ಸ್ಥಳೀಯವೇ ಆಗಬೇಕೆಂಬ ಹಟ ಯಾರಿಗೂ ಬೇಡ.

ನೀರಿನ ವಿಷಯವನ್ನು ಮಾತ್ರ ಮುಚ್ಚಿಡಬಾರದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿ ಅಂತರ್ಜಲ ಮೇಲೆ ಬಂದದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜನ ಕೇಳುತ್ತ ಬಂದಿರುವುದೂ ನಿಜ. ಮಕ್ಕಳ ತಟ್ಟೆಗೆ ಹೋಗುವ ಸೊಪ್ಪು ಆ ಕೆರೆಗಳ ಅಚ್ಚುಕಟ್ಟಿನದಾದರೆ, ಸೊಪ್ಪನ್ನೂ ನೀರನ್ನೂ ಭಾರಲೋಹಗಳಿಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಟಮಕದಲ್ಲೇ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಮಾದರಿ ಸಂಗ್ರಹಿಸುವ ಕೆಲಸವನ್ನಾದರೂ ಅವು ವಹಿಸಿಕೊಳ್ಳಬಹುದು.

ಬರುವ ಜೂನ್‌ನಲ್ಲಿ ನಿಲಯಗಳು ತೆರೆಯುವ ಹೊತ್ತಿಗೆ ಜಿಲ್ಲಾ ಪಂಚಾಯಿತಿಯವರು ಕೋಲಾರ ನಗರದ ನಿಲಯಗಳಲ್ಲಷ್ಟೇ ಈ ನೇರ ಖರೀದಿಯನ್ನು ಮಾಡಿ ನೋಡಲಿ. ಎಪಿಎಂಸಿಯ ಆಯಾ ವಾರದ ದರಕ್ಕೆ ಹೊಂದಿಸಿ ಬೆಲೆ ಕಟ್ಟಲಿ, 15 ದಿನಗಳೊಳಗೆ ಹಣ ರೈತರ ಖಾತೆಗೆ ಬೀಳಲಿ. ಅಡುಗೆಯ ಪಟ್ಟಿ ಬೆಂಗಳೂರಿನಿಂದ ಅಚ್ಚಾಗಿ ಬರುವುದು ಬೇಡ, ತಿಂಗಳುವಾರು ಪಟ್ಟಿಯನ್ನು ಸಂಬಳವಿಲ್ಲದೆ ನಾನೇ ಬರೆದುಕೊಡುತ್ತೇನೆ. ಡಿಸೆಂಬರ್, ಜನವರಿಗೆ ಅವರೆಕಾಳು ಎಂದು ಈಗಲೇ ಗುರುತು ಹಾಕಿಕೊಳ್ಳಬಹುದು.

– ನಿವೃತ್ತ ನಿಲಯ ಮೇಲ್ವಿಚಾರಕಿ, ಗಲ್‌ಪೇಟೆ, ಕೋಲಾರ