ಕನ್ನಡ ಸರಣಿಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಈಗ ನಾಲ್ಕು ಜನ ಸೇರಿದರೆ ‘ಯಾವ ಸೀರೀಸ್ ನೋಡ್ತಿದ್ದೀರಿ?’ ಎಂಬ ಮಾತು ಬಂದೇ ಬರುತ್ತದೆ. ಹಿಂದಿ, ಮಲಯಾಳಂ, ಕೊರಿಯನ್ ಹೆಸರುಗಳು ಸಾಲಾಗಿ ಬರುತ್ತವೆ. ಕನ್ನಡದ ಹೆಸರು ಕೇಳುವುದೇ ಅಪರೂಪ. ನನಗಂತೂ ತುಂಬಾ ಬೇಸರವಾಗುತ್ತದೆ.

‘ಏಕಂ’ ಎಂಬ ಕನ್ನಡ ವೆಬ್ ಸರಣಿಯನ್ನು ಎಷ್ಟು ಜನ ನೋಡಿದ್ದಾರೆ? ಕರಾವಳಿಯ ಏಳು ಬೇರೆ ಬೇರೆ ಕಥೆಗಳು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ನಟಿಸಿದ್ದಾರೆ. ಆದರೂ ದೊಡ್ಡ ಒಟಿಟಿಗಳು ಕೈ ಹಿಡಿಯಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಂಡವೇ ತನ್ನ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಿತು. ಅದನ್ನು ಒಂದೇ ರಾತ್ರಿ ನೋಡಿ ಮುಗಿಸಬೇಡಿ. ದಿನಕ್ಕೊಂದು ಕಥೆ ಸಾಕು. ಆ ಊರು, ಆ ಮಾತಿನ ಧಾಟಿ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮೈ ಜುಮ್ಮೆನ್ನುವಂಥದ್ದು ಬೇಕಿದ್ದರೆ ಜೀ5ನಲ್ಲಿ 2025ರಲ್ಲಿ ಬಂದ ‘ಅಯ್ಯನ ಮನೆ’, ‘ಶೋಧ’ ಇವೆ.

ನೋಡುವವರು ಜಾಸ್ತಿಯಾದರೆ ತಾನೇ ಇನ್ನಷ್ಟು ಸರಣಿ ಬರುವುದು, ಅಲ್ವಾ? ನಿಮ್ಮ ಸಿನಿಮಾ ಪುಟದಲ್ಲಿ ಚಿತ್ರ ವಿಮರ್ಶೆಯ ಪಕ್ಕ ವಾರಕ್ಕೊಂದು ಕನ್ನಡ ಸರಣಿಯ ಪರಿಚಯ ಕೊಡಿ. ಎಲ್ಲಿ ಸಿಗುತ್ತದೆ, ಎಷ್ಟು ಕಂತು, ಮಕ್ಕಳ ಜೊತೆ ಕೂತು ನೋಡಬಹುದಾ ಎಂದು ತಿಳಿಸಿದರೂ ಸಾಕು. ಚೆನ್ನಾಗಿಲ್ಲದಿದ್ದರೆ ಅದನ್ನೂ ನೇರವಾಗಿ ಬರೆಯಿರಿ.

– ಓದುಗರು, ಶಿವಮೊಗ್ಗ