ಬಂಡೆಗೆ ಕಂಬಿ ಬೇಡ, ಸಚಿವರೇ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರ. ಆ ಒಂಟಿ ಗ್ರಾನೈಟ್ ಶಿಖರದ ನೆತ್ತಿಯವರೆಗೂ ಉಕ್ಕಿನ ಕಂಬಿ ಹಾಕಿಸಿ, ಅದನ್ನು ಎಲ್ಲರೂ ಏರುವ ಹಾಗೆ ಮಾಡುವುದಾಗಿ ನೀವು ಹೇಳಿದ್ದನ್ನು ಓದಿದೆ. ನಾಲ್ಕು ಸಲ ಅಲ್ಲಿಗೆ ಹೋಗಿ ಎರಡೇ ಸಲ ತುದಿ ಮುಟ್ಟಿದವನು ನಾನು. ಮುಟ್ಟದೆ ಬಂದ ಎರಡು ಸಲದ ಬಗ್ಗೆ ನಿಮಗೆ ಹೇಳಬೇಕಿದೆ.

ಮೊದಲ ಸಲ ಬುಡ ತಲುಪುವುದಕ್ಕೇ ಒಂದೂವರೆ ದಿನ ನಡೆದಿದ್ದೆವು. ಕೊನೆಯ ಹಾಸುಬಂಡೆಯ ಕೆಳಗೆ ನಿಂತಾಗ ತುದಿ ಕಾಣುತ್ತಿತ್ತು. ಆಗ ಹತ್ತು ನಿಮಿಷ ಜಿನುಗು ಮಳೆ ಬಂತು, ಅಷ್ಟೇ. ಒಣಗಿದ್ದಾಗ ಗ್ರಾನೈಟಿನ ಒರಟು ಹರಳುಗಳು ಬೂಟಿನ ರಬ್ಬರನ್ನು ಕಚ್ಚಿ ಹಿಡಿಯುತ್ತವೆ. ಕಡಿದಾದ ಇಳಿಜಾರಿನಲ್ಲೂ ಕೈಯೂರದೆ ನಡೆಯಬಹುದು. ನೀರು ಹರಿಯುವ ಕಪ್ಪು ಪಟ್ಟೆಗಳ ಪಾಚಿ ನೆನೆಯಿತೋ, ಅದೇ ಬಂಡೆ ಎಣ್ಣೆ ಸವರಿದಂತಾಗುತ್ತದೆ. ಹಿಂದಿರುಗಿದೆವು. ಹತ್ತಿದ್ದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಕಂಬಿ ಇದ್ದಿದ್ದರೆ ಖಂಡಿತ ಮೇಲೆ ಹೋಗುತ್ತಿದ್ದೆವು. ನನ್ನ ಭಯ ಇರುವುದೇ ಅಲ್ಲಿ.

ಇನ್ನೊಂದು ಸಲ ದೂರದ ಗುಡುಗು ಕೇಳಿಯೇ ತಿರುಗಿದೆವು. ಬೋಳು ನೆತ್ತಿ ಸಿಡಿಲಿಗೆ ಮೊದಲೇ ಸಲೀಸು ಗುರಿ. ಅದಕ್ಕೆ ನೀವು ಉದ್ದಕ್ಕೂ ಲೋಹ ಜೋಡಿಸಲು ಹೊರಟಿದ್ದೀರಿ.

ಕ್ಯಾಲಿಫೋರ್ನಿಯಾದ ಹಾಫ್ ಡೋಮ್ ಇದೇ ಜಾತಿಯ ಬೆಟ್ಟ. ಮನುಷ್ಯರ ಕಾಲು ಸೋಕದು ಎಂದುಕೊಂಡಿದ್ದ ಅದನ್ನು 1875ರಲ್ಲಿ ಜಾರ್ಜ್ ಆಂಡರ್ಸನ್ ಬಂಡೆ ಕೊರೆದು, ಕಬ್ಬಿಣದ ಕೊಂಡಿಗಳನ್ನು ನೆಟ್ಟು ಏರಿದ. 1919ರಲ್ಲಿ ಕೊನೆಯ ಸುಮಾರು 120 ಮೀಟರಿಗೆ ಉಕ್ಕಿನ ಹಗ್ಗ ಬಂತು. ಅದರ ಹಿಂದೆಯೇ ಜನ ಬಂದರು. ನೂಕುನುಗ್ಗಲು ಮಿತಿಮೀರಿ 2010ರಿಂದ ಪರವಾನಗಿ ಪದ್ಧತಿ ತರಬೇಕಾಯಿತು. ಹಗ್ಗವಿದ್ದರೂ ಒದ್ದೆ ಬಂಡೆಯ ಮೇಲೆ ಜನ ಜಾರಿ ಸತ್ತಿದ್ದಾರೆ. (ಪ್ರವಾಸಿಗರ ಸಂಖ್ಯೆಯನ್ನೇ ಯಶಸ್ಸು ಎನ್ನುವುದಾದರೆ ನಿಮ್ಮ ಯೋಜನೆ ಗೆಲ್ಲುತ್ತದೆ, ಒಪ್ಪುತ್ತೇನೆ.)

ಇನ್ನು ಕೊರೆಯುವ ಮಾತು. ಗ್ರಾನೈಟ್ ನೆಲದಾಳದಲ್ಲಿ ಗಟ್ಟಿಯಾದ ಕಲ್ಲು. ಮೇಲಿನ ಭಾರ ಸವೆದುಹೋದಂತೆ ಹಿಗ್ಗಿ, ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಆ ಹಾಸುಬಂಡೆಯ ಕೆಲವೆಡೆ ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಲ್ಲಿ ಬೋಲ್ಟ್ ಹೊಡೆದು ಹತ್ತಾರು ಜನ ಜಗ್ಗಿದರೆ, ಬೋಲ್ಟ್ ಕಿತ್ತು ಬರುವುದಿಲ್ಲ, ಪದರವೇ ಬರುತ್ತದೆ.

ಆ ಹಣದಲ್ಲಿ ಬುಡದಲ್ಲೊಂದು ಸ್ಟ್ರೆಚರ್, ವೈರ್‌ಲೆಸ್ ಇಡಿಸಿ. ಹಗ್ಗದ ಕೆಲಸ ಬಲ್ಲ ನಾಲ್ಕೈದು ಜನರಿಗೆ ಸಂಬಳ ಕೊಡಿ. ಮಧ್ಯಾಹ್ನದ ನಂತರ ಮೇಲೇರಬಾರದು, ಮಳೆ ಬಂದ ದಿನ ದಾರಿ ಮುಚ್ಚಿದೆ ಎಂದು ಫಲಕ ಹಾಕಿಸಿ. ಏರಲಾಗದವರಿಗೆ ಬುಡದಿಂದ ಕಾಣುವ ಬೆಟ್ಟವೂ ಕಡಿಮೆಯದಲ್ಲ. ಸೋತು ಬಂದ ಎರಡೂ ಸಲ ನಾನು ಅದನ್ನೇ ನೋಡುತ್ತ ಕುಳಿತಿದ್ದೆ.

ಮಳೆ ನಿಂತು ಬಂಡೆ ಒಣಗಿದ ಮೇಲೆ ಮತ್ತೆ ಹೋಗುತ್ತಿದ್ದೇನೆ. ನಿಮ್ಮ ಎಂಜಿನಿಯರರನ್ನು ಜೊತೆಗೆ ಕಳುಹಿಸಿ. ಟೊಳ್ಳು ಸದ್ದಿನ ಜಾಗಗಳನ್ನು ತೋರಿಸುತ್ತೇನೆ. ಹಗ್ಗ ನಾನೇ ತರುತ್ತೇನೆ.

ಇಂತಿ,
ಒಬ್ಬ ಚಾರಣಿಗ