ಆ ಸೇತುವೆ ಬಿರಿದಿಲ್ಲ, ಕಟ್ಟಿದ್ದೇ ಹಾಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಕಾಲುವೆಗಳ ಬಗ್ಗೆ ಬಂದ ಚಿತ್ರಲೇಖನ ಓದಿದೆ. ಅದರಲ್ಲಿ ಲ್ಯಾಪ್‌ವರ್ತ್ ಎಂಬ ಊರಿನ ಹತ್ತಿರ, ಸ್ಟ್ರಾಟ್‌ಫರ್ಡ್ ಕಾಲುವೆಯ ಮೇಲಿರುವ ಒಂದು ಪುಟ್ಟ ಕಬ್ಬಿಣದ ಸೇತುವೆಯ ಚಿತ್ರವಿದೆ. ಕೆಳಗೆ ‘ನಿರ್ವಹಣೆಯಿಲ್ಲದೆ ನಡುವೆ ಬಿರಿದಿರುವ ಹಳೆಯ ಸೇತುವೆ’ ಎಂದು ಅಚ್ಚಾಗಿದೆ. ನಾನು ಮಂಡ್ಯ ಕಡೆ ವಿ.ಸಿ. ನಾಲೆಯ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಸದ್ಯ ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ, ಆ ಸೇತುವೆ ಇಲ್ಲಿಗೆ ದೂರವೇನಲ್ಲ. ಬಿರುಕು, ಕುಸಿತ ಹುಡುಕಿಯೇ ಸಂಬಳ ಎಣಿಸಿದವನಾದ್ದರಿಂದ ಸುಮ್ಮನಿರಲು ಆಗಲಿಲ್ಲ.

ಆ ಬಿರುಕು ಬಿರುಕಲ್ಲ. ಸೇತುವೆಯನ್ನು ಎರಡು ತುಂಡಾಗಿಯೇ ಎರಕ ಹೊಯ್ದಿದ್ದಾರೆ. ನಮ್ಮ ಹಳ್ಳಿ ಬಾವಿಯ ಗೋಡೆಯಿಂದ ಮೆಟ್ಟಿಲುಗಲ್ಲುಗಳು ಚಾಚಿಕೊಂಡಿರುತ್ತವಲ್ಲ, ಹಾಗೆ ಒಂದೊಂದು ದಡದ ಇಟ್ಟಿಗೆ ಕಟ್ಟಡದಿಂದ ಒಂದೊಂದು ತುಂಡು ನೀರಿನ ಮೇಲಕ್ಕೆ ಚಾಚಿದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ಬೆರಳು ತೂರುವಷ್ಟು ಸಂದು. ಕೈಪಿಡಿ ಕಂಬಿಯೂ ಅಲ್ಲೇ ತುಂಡಾಗಿದೆ. ಅಷ್ಟು ನೇರವಾಗಿ, ಎರಡೂ ಬದಿ ಒಂದೇ ಸಮನಾಗಿ ಯಾವ ಕಬ್ಬಿಣವೂ ತಾನಾಗಿ ಬಿರಿಯದು.

ಸಂದು ಇರುವುದು ಹಗ್ಗಕ್ಕಾಗಿ. ಆಗ ದೋಣಿ ಎಳೆಯುತ್ತಿದ್ದುದು ದಡದ ಮೇಲೆ ನಡೆಯುವ ಕುದುರೆ. ಏಳಡಿ ಅಗಲ, ಎಪ್ಪತ್ತಡಿ ಉದ್ದದ ದೋಣಿಯಲ್ಲಿ ಇಪ್ಪತ್ತೈದು ಟನ್ ಕಲ್ಲಿದ್ದಲು ತುಂಬಿದರೂ ಒಂದೇ ಕುದುರೆ ಸಾಕಾಗುತ್ತಿತ್ತು. ಏಕೆಂದರೆ ಇಲ್ಲಿನ ಕಾಲುವೆ ನಮ್ಮ ನಾಲೆಯಂತೆ ಗದ್ದೆಗೆ ನೀರು ಹರಿಸಲು ತೋಡಿದ್ದಲ್ಲ. ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಏರುಪೇರು ಬಂದ ಕಡೆ ಎರಡು ಗೇಟುಗಳ ನಡುವಿನ ತೊಟ್ಟಿಗೆ ದೋಣಿಯನ್ನು ಸೇರಿಸಿ, ನೀರು ತುಂಬಿಸಿ ಮೇಲೆತ್ತುತ್ತಾರೆ, ಇಲ್ಲವೇ ಖಾಲಿ ಮಾಡಿ ಇಳಿಸುತ್ತಾರೆ. ಇದಕ್ಕೆ ಲಾಕ್ ಎನ್ನುತ್ತಾರೆ. ಲ್ಯಾಪ್‌ವರ್ತ್‌ನಲ್ಲಿ ಇಂಥವು ಸಾಲುಸಾಲಾಗಿವೆ. ಗೇಟಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನೂಕುವಾಗ ಕಾಲು ಜಾರದಂತೆ ನೆಲದಲ್ಲಿ ಅರ್ಧಚಂದ್ರಾಕಾರವಾಗಿ ಇಟ್ಟಿಗೆಗಳನ್ನು ಎಬ್ಬಿಸಿ ಕೂರಿಸಿದ್ದಾರೆ. ಕೆಲಸಗಾರನ ಕಾಲಿನ ಬಗ್ಗೆ ಇಷ್ಟು ಯೋಚಿಸಿದ ಎಂಜಿನಿಯರ್ ನನ್ನ ಸರ್ವೀಸಿನಲ್ಲಿ ಸಿಗಲಿಲ್ಲ.

ಸೇತುವೆಯ ಕೆಳಗೆ ಕುದುರೆಗೂ ದಾರಿ ಬಿಡಬೇಕಾದರೆ ಕಮಾನು ಅಗಲವಾಗಬೇಕು, ಎತ್ತರವೂ ಆಗಬೇಕು. ಅಷ್ಟು ದುಡ್ಡು ಎಲ್ಲಿತ್ತು? 1793ರಲ್ಲಿ ಅಗೆಯಲು ಹಿಡಿದ ಈ ಕಾಲುವೆ, ಹಣ ಸಾಲದೆ ನಡುನಡುವೆ ನಿಂತು, ಸ್ಟ್ರಾಟ್‌ಫರ್ಡ್ ಮುಟ್ಟಿದ್ದು 1816ರಲ್ಲಿ. ಹಾಗಾಗಿ ನೀರಿಗೆ ಬೇಕಾದಷ್ಟೇ ಅಗಲದ ಸೇತುವೆ ಕಟ್ಟಿದರು. ಕುದುರೆ ಸೇತುವೆಯ ಪಕ್ಕದಿಂದ ಹಾದುಹೋಗುತ್ತದೆ, ದೋಣಿ ಕೆಳಗಿನಿಂದ, ಹಗ್ಗ ಸಂದಿನೊಳಗಿಂದ. ಕುದುರೆಯನ್ನು ಬಿಚ್ಚಿ ಮತ್ತೆ ಕಟ್ಟುವ ರಗಳೆಯಿಲ್ಲ. ಬಡತನಕ್ಕೆ ಹೊಳೆದ ಉಪಾಯ, ಆದರೆ ಎಂಥ ಉಪಾಯ!

ನಿರ್ವಹಣೆ ಇಲ್ಲ ಎಂದಿರುವುದು ಇನ್ನೂ ಅನ್ಯಾಯ. ನಿಮ್ಮ ಲೇಖಕರು ಇದೇ ಕಾಲುವೆಯ ಇನ್ನೊಂದು ಸೇತುವೆಯ ಕಥೆ ಹೇಳಬಹುದಿತ್ತು. ಷೇಕ್ಸ್‌ಪಿಯರ್‌ನ ತಾಯಿಯ ಊರಾದ ವಿಲ್ಮ್‌ಕೋಟ್‌ನಲ್ಲಿ ಒಂದು ಸೇತುವೆ ಹಾಳಾಗಿತ್ತು. ಅದನ್ನು ಮತ್ತೆ ಕಟ್ಟುವ ಖರ್ಚು ತಪ್ಪಿಸಿಕೊಳ್ಳಲು 1958ರಲ್ಲಿ ಅಲ್ಲಿನ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು), ಕಾಲುವೆಯನ್ನೇ ಮುಚ್ಚಿಬಿಡಲು ಅನುಮತಿ ಕೇಳಿತು. ಮೂರು ವರ್ಷಗಳಿಂದ ಯಾರೂ ದೋಣಿ ಓಡಿಸಿಲ್ಲ ಎಂಬುದು ವಾದ. ಆಗ ಅಲ್ಲಿ ಹುಟ್ಟುಗೋಲು ಹಿಡಿದು ಪುಟ್ಟ ದೋಣಿ ನಡೆಸಿದ್ದವರು ಸುಂಕ ಕಟ್ಟಿದ ಚೀಟಿಯನ್ನು ಮುಂದಿಟ್ಟರು. ಅನುಮತಿ ಸಿಗಲಿಲ್ಲ. ನಮ್ಮ ಕಚೇರಿಗಳಲ್ಲಿ ಹಳೆಯ ರಸೀದಿ ಎಸೆಯುವವರು ಇದನ್ನು ಗಮನಿಸಬೇಕು. ಮುಂದೆ ದಕ್ಷಿಣದ ಹದಿಮೂರು ಮೈಲಿಯನ್ನು, ಪರಂಪರೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ವಹಿಸಿಕೊಂಡಿತು. ಡೇವಿಡ್ ಹಚಿಂಗ್ಸ್ ಎಂಬವರ ಮುಂದಾಳತ್ವದಲ್ಲಿ ಸ್ವಯಂಸೇವಕರು, ಸೈನಿಕರು, ಬರ್ಮಿಂಗ್‌ಹ್ಯಾಮ್ ಜೈಲಿನ ಕೈದಿಗಳು ಕೂಡ ಹೂಳೆತ್ತಿ, ಗೇಟು ಕೂರಿಸಿದರು. 1964ರ ಜುಲೈನಲ್ಲಿ ರಾಜಮಾತೆ ಬಂದು ಅದನ್ನು ಮತ್ತೆ ತೆರೆದರು.

ಈಗ ಕುದುರೆಯಿಲ್ಲ. ರಜೆಗೆ ಬಂದವರ ಡೀಸೆಲ್ ದೋಣಿಗಳು ಗುಡುಗುಡು ಎನ್ನುತ್ತ ಸಾಗುತ್ತವೆ. ಆದರೂ ಆ ಸಂದನ್ನು ಸಿಮೆಂಟು ಮೆತ್ತಿ ಮುಚ್ಚದೆ ಹಾಗೇ ಉಳಿಸಿಕೊಂಡಿದ್ದಾರೆ. ನಾನು ನೋಡಿದಾಗ ಕಂಬಿಗೆ ಹೊಸ ಬಣ್ಣವೂ ಬಿದ್ದಿತ್ತು.

ದಯವಿಟ್ಟು ಮುಂದಿನ ವಾರ ಚಿತ್ರದ ಅಡಿಬರಹ ತಿದ್ದಿ ಪ್ರಕಟಿಸಿ. ಮೇಲಿನಿಂದ ತೆಗೆದ ಎರಡು ಚಿತ್ರಗಳನ್ನು ಮಿಂಚಂಚೆಯಲ್ಲಿ ಕಳಿಸಿದ್ದೇನೆ, ಎರಡರಲ್ಲೂ ಸಂದು ಸ್ಪಷ್ಟವಾಗಿ ಕಾಣುತ್ತದೆ. ಬೇಕಾದರೆ ಬಳಸಿಕೊಳ್ಳಿ, ಸಂಭಾವನೆ ಬೇಡ.

ಇತಿ,
ನಿವೃತ್ತ ಕಿರಿಯ ಎಂಜಿನಿಯರ್, ಮಂಡ್ಯ
(ಸದ್ಯ ಸೋಲಿಹಲ್, ಇಂಗ್ಲೆಂಡ್)